ತಾವರೆಕೆರೆ ಗುಡ್ಡದ ಕಡಲ ದಂಡೆ

"ಹದಿನಾರನೇ ಹೆಸರು... ಅಶ್ವತ್ಥ, ಪಾವಗಡ."

ಅಭ್ಯಾಸಬಲದಿಂದ ಜೋರಾಗಿ ಓದಿಬಿಟ್ಟಳು ಗಂಗಾಂಬಿಕಾ. ಓದಿದ ಮೇಲೆ ಬೆರಳು ಆ ಹೆಸರಿನ ಮೇಲೇ ನಿಂತಿತು.

"ಬಂದಿದ್ದೀನಿ ಮೇಡಂ."

ಟೆಂಪೋದ ಕೊನೇ ಸೀಟಿನಿಂದ ಬಂದ ಆ ದನಿಗೆ ಅವಳ ಎದೆ ಧಸಕ್ಕೆಂದಿತು! ಎರಡೂವರೆ ವರ್ಷದಿಂದ ಈ ದನಿ ಕಿವಿಗೆ ಬೀಳದಂತೆ ಎಷ್ಟು ಜೋಪಾನವಾಗಿ ಬದುಕಿದ್ದಳು! ಫೋನಿನಲ್ಲಿ ಬ್ಲಾಕ್ ಮಾಡಿದ್ದಳು. ಪಾವಗಡದ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದಳು. ಈಗ ನೋಡಿದರೆ ಆಸಾಮಿ ಅವಳದೇ ಟೆಂಪೋದಲ್ಲಿ, ಅವಳದೇ ಪಟ್ಟಿಯಲ್ಲಿ, ತಲೆಗೊಂದು ಟೋಪಿ ಹಾಕಿಕೊಂಡು ಕೂತಿದ್ದಾನೆ.

'ಗೊತ್ತಿದ್ದೇ ಬಂದ್ರಾ? ಗೊತ್ತಿಲ್ದೆ ಬಂದ್ರಾ?'

ಕೇಳುವ ಮೊದಲೇ ಉತ್ತರ ಸಿಕ್ಕಿತು. "ನಮ್ಮ ಗುಂಪಲ್ಲಿ ಒಬ್ರಿಗೆ ಜ್ವರ ಮೇಡಂ," ಎಂದರು ಹೆಡ್‌ಮಾಸ್ಟರ್ ಚಂದ್ರಶೇಖರ್. "ಅವರ ಬದಲು ಅಶ್ವತ್ಥ್ ಸರ್ ನಿನ್ನೆ ತಾವಾಗೇ ಹೆಸರು ಕೊಟ್ರು. ಯಾರು ಗೈಡು ಅಂತ ಕೇಳಿದ್ರು, ನಿಮ್ಮ ಹೆಸರು ಹೇಳಿದೆ. ಬಂದೇ ಬರ್ತೀನಿ ಅಂದ್ಬಿಟ್ರು!"

ಮಧುಗಿರಿಯ ಬಸ್ ಸ್ಟ್ಯಾಂಡಿನ ಎದುರು ಬೆಳಗಿನ ಏಳು ಗಂಟೆ. ಗಂಗಾಂಬಿಕಾ ಊರಿನ ಕಾಲೇಜಿನಲ್ಲಿ ಭೂವಿಜ್ಞಾನದ ಅತಿಥಿ ಉಪನ್ಯಾಸಕಿ. ತಿಂಗಳಿಗೊಂದು ಭಾನುವಾರ ಮೇಷ್ಟ್ರುಗಳನ್ನು ಕಟ್ಟಿಕೊಂಡು ಶಿರಾ ಕಡೆಯ ತಾವರೆಕೆರೆಯ ಗುಡ್ಡಕ್ಕೆ ಹೋಗುತ್ತಿದ್ದಳು. ಆ ನಡಿಗೆಗೆ ಅವಳಿಟ್ಟ ಹೆಸರು 'ಕಡಲ ದಂಡೆ ನಡಿಗೆ'. ಕಡಲು ಇನ್ನೂರು ಮೈಲಿ ಆಚೆಗಿದೆ, ಇವಳು ಬಯಲುಸೀಮೆಯಲ್ಲಿ ದಂಡೆ ತೋರಿಸುತ್ತಾಳಂತೆ ಎಂದು ನಗುತ್ತಲೇ ಜನ ಬರುತ್ತಿದ್ದರು. ಹೋಗುವಾಗ ಸುಮ್ಮನಾಗಿ ಹೋಗುತ್ತಿದ್ದರು.

"ಹೊರಡೋಣ," ಎಂದಳು. ದನಿ ನಡುಗಲಿಲ್ಲ. ಅದೊಂದೇ ಸಮಾಧಾನ.

ಇವರಿಬ್ಬರ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಗುಟ್ಟು ಮಾಡಿ ಓದುವವರ ಜೀವ ಹಿಂಡುವುದು ನನಗೆ ಬಾರದು.

ನಾಲ್ಕೂವರೆ ವರ್ಷದ ಹಿಂದೆ ಮಧುಗಿರಿಯ ಒಂದು ತರಬೇತಿಯಲ್ಲಿ ಅಶ್ವತ್ಥ ಜೇಬಿನಿಂದ ಒಂದು ಕಲ್ಲು ತೆಗೆದು ಅವಳ ಮುಂದಿಟ್ಟಿದ್ದ.

"ಇದು ವಜ್ರಾನಾ ಮೇಡಂ? ಸ್ಕೂಲ್ ಮಕ್ಕಳು ಪಣ ಕಟ್ಟಿದ್ದಾರೆ."

"ಬೆಣಚುಕಲ್ಲು ಸರ್."

"ಹೋಗ್ಲಿ, ವಜ್ರ ಅಂತಾನೇ ಹೇಳ್ಬಿಡ್ತೀನಿ. ಪಾಪ, ಖುಷಿ ಪಡ್ಲಿ."

"ಮೇಷ್ಟ್ರಾಗಿ ಸುಳ್ಳು ಹೇಳ್ತೀರಾ!"

ಮುಂದಿನ ವಾರ ಇನ್ನೊಂದು ಕಲ್ಲು. ಅದರ ಮುಂದಿನ ವಾರ ಮತ್ತೊಂದು. ಪಾವಗಡದಲ್ಲಿ ಇಷ್ಟೊಂದು ಬಗೆಯ ಕಲ್ಲು ಇಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. 'ಮೇಡಂ' ಹೋಗಿ 'ಗಂಗಾ' ಆಯಿತು, 'ಸರ್' ಹೋಗಿ 'ನೀನು' ಆಯಿತು. ಎರಡು ವರ್ಷ ಮಧುಗಿರಿಯ ಹೋಟೆಲುಗಳಲ್ಲಿ ಕುಡಿದ ಕಾಫಿಗೆ ಲೆಕ್ಕವಿಲ್ಲ.

ಆಮೇಲೊಂದು ದಿನ ಅವನೆಂದ, "ಭಾನುವಾರ ನಿಮ್ಮನೆಗೆ ಬರ್ತೀನಿ. ನಿಮ್ಮಪ್ಪನ್ನ ನೋಡ್ಬೇಕು."

ಅವಳ ಅಪ್ಪ ಕದಿರಯ್ಯ ಕಲ್ಲು ಒಡೆಯುವವನು. ಬಂಡೆಯನ್ನು ಉಳಿಯ ಹಿಂಬದಿಯಿಂದ ತಟ್ಟಿ, ಕಿವಿಗೊಟ್ಟು, ಇಲ್ಲಿ ಸೀಳುತ್ತದೆ ಎಂದರೆ ಅಲ್ಲೇ ಸೀಳುತ್ತಿತ್ತು. ಮಗಳಿಗೆ ಕಲ್ಲಿನ ಹುಚ್ಚು ಹತ್ತಿದ್ದು ಅವನಿಂದಲೇ. ಐ.ಡಿ.ಹಳ್ಳಿಯ ಅಂಚಿನ ಕೇರಿಯಲ್ಲಿ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಆ ಕೇರಿಗೆ ಊರಿನವರು ಬರುವುದು ಓಟಿನ ಕಾಲಕ್ಕೆ ಮಾತ್ರ. ಬಂದರೂ ಜಗಲಿಯಾಚೆ ನಿಂತು ಮಾತಾಡಿ ಹೋಗುತ್ತಾರೆ. ಅಂಥ ಮನೆಗೆ ಪಾವಗಡದ ದೊಡ್ಡ ಮನೆತನದ ಮೇಷ್ಟ್ರು ಬಂದು ಒಳಗೆ ಚಾಪೆಯ ಮೇಲೆ ಕೂತುಕೊಳ್ಳುತ್ತಾನೆ ಎಂದರೆ ಕದಿರಯ್ಯನಿಗೆ ಎಷ್ಟು ಹಿಗ್ಗಿರಬೇಡ!

ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ತಾನೇ ಬೆಳಗಿದ. ನಾಟಿ ಕೋಳಿ ಕೊಯ್ಯಿಸಿದ. ಅಶ್ವತ್ಥ ಬಂದು ಕೂತಾಗ ಎರಡೂ ಕೈಯಲ್ಲಿ ನೀರು ಚಾಚಿದ.

"ಬೇಡ... ಈಗ ಬೇಡ," ಎಂದ ಅಶ್ವತ್ಥ.

ಅವ್ವ ದಾಸಮ್ಮ ಮುದ್ದೆ, ಸಾರು ಇಟ್ಟ ತಟ್ಟೆ ತಂದಳು. ಅವನು ಬೆವರುತ್ತಾ ತಟ್ಟೆಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಸರಿಸಿದ. "ಮೊದಲು ಒಂದು ಮಾತು..." ಎಂದು ಏನೋ ತೊದಲಿದ.

ಗಂಗಾ ಪೂರ್ತಿ ಕೇಳಲಿಲ್ಲ. ಅವಳು ನೋಡುತ್ತಿದ್ದುದು ಅಪ್ಪನ ಕೈಯನ್ನು. ಚಾಚಿದ ಚೊಂಬು ಹಾಗೇ ಉಳಿದಿತ್ತು. ಹೋಟೆಲಿನಲ್ಲಿ ಪಕ್ಕದಲ್ಲೇ ಕೂತು ಕಾಫಿ ಕುಡಿದು, ಮನೆಗೆ ಬಂದರೆ ನೀರೂ ಬೇಡ ಎನ್ನುವವರನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಇವನೂ ಅವರಲ್ಲೊಬ್ಬನೇ?

"ಎದ್ದು ಹೋಗು," ಎಂದಿದ್ದಳು.

"ಗಂಗಾ, ನಾನು ಬಂದಿದ್ದು..."

"ಹೋಗು!"

ಹೋದ. ಹನ್ನೊಂದು ತಿಂಗಳಿಗೆ ಕದಿರಯ್ಯನೂ ಹೋದ, ಕಲ್ಲಿನ ಧೂಳು ಕೂತ ಎದೆಯ ಕಾಯಿಲೆಯಿಂದ. ಆವತ್ತಿನಿಂದ ಗಂಗಾಂಬಿಕಾಳ ಮನಸ್ಸಿನಲ್ಲಿ ಒಂದೇ ಒಂದು ಕಟ್ಟಳೆ... ಅಪ್ಪನ ಕೈಯ ನೀರು ಬೇಡವೆಂದವನ ಜೊತೆ ಒಂದು ಮಾತಾಡಿದರೂ ಅದು ಸತ್ತ ಅಪ್ಪನಿಗೆ ಮಾಡುವ ದ್ರೋಹ.

ಆದರೂ ಟೆಂಪೋ ಶಿರಾ ದಾಟುವವರೆಗೆ ಅವಳು ಕನ್ನಡಿಯಲ್ಲಿ ಮೂರು ಸಲ ಹಿಂದಿನ ಸೀಟು ನೋಡಿದ್ದಳು. ಹೃದಯಕ್ಕೆ ಕಟ್ಟಳೆಯೆಲ್ಲಿ ಗೊತ್ತಾಗಬೇಕು?

* * *

ಗುಡ್ಡ ಎತ್ತರದ್ದೇನಲ್ಲ. ಜಾಲಿ, ಬಂದರಿಕೆ ಗಿಡ, ಅಲ್ಲಲ್ಲಿ ಹುರುಳಿ ಹೊಲ. ಅರ್ಧ ಗಂಟೆ ಹತ್ತಿದ ಮೇಲೆ ಬೆಳ್ಳನೆಯ ಒಂದು ಬಂಡೆ ಗೋಡೆಯಂತೆ ನಿಂತಿತ್ತು. ಅದರ ಮೈತುಂಬ ಸಾಲು ಸಾಲು ಏರಿಳಿತ, ಬೆರಳಿಟ್ಟು ಎಣಿಸಬಹುದಾದಷ್ಟು ಸ್ಪಷ್ಟ.

"ಇದಕ್ಕೆ ಇಲ್ಲಿನವರು ಸೀತಮ್ಮ ಸೀರೆ ಒಣಹಾಕಿದ ಬಂಡೆ ಅಂತಾರೆ," ಎಂದು ಶುರುಮಾಡಿದಳು ಗಂಗಾಂಬಿಕಾ. "ನೆರಿಗೆ ಥರ ಕಾಣುತ್ತಲ್ಲ, ಅದಕ್ಕೆ. ನಾವು ಇದನ್ನ ಅಲೆಗುರುತು ಅಂತೀವಿ. ಸರ್, ನೀವೀಗ ನಿಂತಿರೋದು ಸಮುದ್ರದ ದಂಡೆ ಮೇಲೆ."

"ಮೇಡಂ, ನಮ್ಮೂರಲ್ಲಿ ಟ್ಯಾಂಕರ್ ಬಂದ್ರೇನೇ ನೀರು! ಸಮುದ್ರ ಎಲ್ಲಿತ್ತು?" ಎಂದರು ಚಂದ್ರಶೇಖರ್. ಎಲ್ಲರೂ ನಕ್ಕರು.

"ಇತ್ತು ಸರ್. ಸುಮಾರು ಇನ್ನೂರೆಪ್ಪತ್ತು ಕೋಟಿ ವರ್ಷದ ಹಿಂದೆ. ಆಗ ಹುಲ್ಲಿಲ್ಲ, ಮೀನಿಲ್ಲ, ಹಕ್ಕಿ ಇಲ್ಲ. ಕಣ್ಣಿಗೆ ಕಾಣೋ ಜೀವಾನೇ ಇಲ್ಲ. ಬರೀ ನೀರು, ಮರಳು, ಗಾಳಿ. ಮೊಣಕಾಲುದ್ದ ನೀರಲ್ಲಿ ಅಲೆ ಬಂದು ಬಂದು ಮರಳಿನ ಮೇಲೆ ಈ ಗೆರೆ ಬಿದ್ವು. ಅದರ ಮೇಲೆ ಮತ್ತೆ ಮರಳು ಬಿದ್ದು ಮುಚ್ಕೊಂಡ್ತು. ಆಮೇಲೆ ಭೂಮಿ ಹಿಂಡಿ, ಕಾಯಿಸಿ, ಮಲಗಿದ್ದ ದಂಡೇನ ಹೀಗೆ ಎತ್ತಿ ನಿಲ್ಲಿಸ್ತು. ಮರಳು ಕಲ್ಲಾಯ್ತು. ಗೆರೆ ಮಾತ್ರ ಹಾಗೇ ಉಳೀತು."

"ನಮ್ಮ ಮಧುಗಿರಿ ಬೆಟ್ಟಕ್ಕಿಂತ ಹಳೇದಾ ಮೇಡಂ?" ಕೇಳಿದಳು ತೇಜಸ್ವಿನಿ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ತುಮಕೂರಿನಿಂದ ಹೊಸದಾಗಿ ಪಾವಗಡಕ್ಕೆ ಬಂದ ಟೀಚರು.

"ಹಳೇದು. ಇಷ್ಟು ಪುಟ್ಟ ಗುಡ್ಡ, ಆದ್ರೆ ಆ ಬೆಟ್ಟಕ್ಕೇ ಅಕ್ಕ ಇದು."

ಮೇಷ್ಟ್ರುಗಳು ಒಬ್ಬೊಬ್ಬರಾಗಿ ಬಂಡೆ ಮುಟ್ಟಿದರು. ಹಿಂದಿನಿಂದ ಒಂದು ಪ್ರಶ್ನೆ ಬಂತು.

"ಮೇಡಂ... ಅಲೆ ಯಾವ ಕಡೆಯಿಂದ ಬಂತು ಅಂತ ಗೊತ್ತಾಗುತ್ತಾ?"

ಅಶ್ವತ್ಥ. ಮುಖ ಸೊರಗಿತ್ತು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. 'ನೋಡಬೇಡ ಕಣೇ,' ಎಂದುಕೊಂಡಳು. ನೋಡಿದಳು.

"ಗೊತ್ತಾಗುತ್ತೆ ಸರ್. ಈ ಗೆರೆಯ ಒಂದು ಮಗ್ಗುಲು ನಿಧಾನ ಏರು, ಇನ್ನೊಂದು ಮಗ್ಗುಲು ಕಡಿದಾದ ಇಳಿಜಾರು. ನಿಧಾನ ಏರಿರೋ ಕಡೆಯಿಂದ ನೀರು ಬಂದಿದೆ ಅಂತ ಅರ್ಥ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಕಲ್ಲು ಸುಳ್ಳು ಹೇಳಲ್ಲ ಸರ್. ಒಳಗೊಂದು ಹೊರಗೊಂದು ಇರೋದು ಮನುಷ್ಯರಿಗೆ ಮಾತ್ರ."

ಅವನು ಹಿಂದೆ ಸರಿದ. ಅವನ ಕಣ್ಣಲ್ಲಿ ಕಂಡದ್ದು ತಪ್ಪು ಮಾಡಿದವನ ನಾಚಿಕೆಯಲ್ಲ, ಏಟು ತಿಂದವನ ನೋವು. ಗಂಗಾಳಿಗೆ ಸಿಟ್ಟು ನೆತ್ತಿಗೇರಿತು. 'ಇವರಿಗ್ಯಾಕೆ ನೋವು? ನೋಯಿಸಿದ್ದು ಇವರಲ್ವಾ!'

* * *

ಹನ್ನೆರಡೂವರೆಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಚಿತ್ರಾನ್ನ, ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅಶ್ವತ್ಥ ಹಸಿವಿಲ್ಲವೆಂದು ಹೇಳಿ ಬಂಡೆಯ ಹತ್ತಿರವೇ ಉಳಿದಿದ್ದ.

"ನಮ್ಮ ತೇಜಸ್ವಿನಿ ಯಾಕೋ ಸಪ್ಪಗವಳೆ," ಎಂದು ಕೆಣಕಿದರು ವನಜಾಕ್ಷಿ ಟೀಚರ್. ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಆಂಧ್ರದ ಗಡಿಯ ಹಳ್ಳಿಯ ಹೆಂಗಸು. ಬಾಯಿ ಜೋರು, ಮನಸ್ಸು ಬೆಣ್ಣೆ.

"ಹೋದ ವಾರ ನಿಮ್ಮ ಕಡೆಯೋರು ಬಂದಿದ್ರಲ್ಲ ಮೇಡಂ, ನನ್ನ ನೋಡೋಕೆ," ಎಂದಳು ತೇಜಸ್ವಿನಿ. "ಅಮ್ಮ ಬೆಳಿಗ್ಗೆಯಿಂದ ಕೂತು ಒಬ್ಬಟ್ಟು ಮಾಡಿದ್ರು. ಒಬ್ರಾದ್ರೂ ಮುಟ್ಟಿದ್ರಾ? ನೀರು ಕೊಟ್ರೆ ನೀರೂ ಬೇಡ! ಒಪ್ಪಿಗೆ ಇಲ್ಲ ಅಂದ್ರೆ ಬಾಯಲ್ಲಿ ಹೇಳ್ಲಿ. ಹೀಗೆ ಅವಮಾನ ಮಾಡ್ಬೇಕಾ? ಅಮ್ಮ ಅತ್ತುಬಿಟ್ರು."

ವನಜಾಕ್ಷಿ ಗೊಳ್ಳನೆ ನಕ್ಕರು.

"ಅಯ್ಯೋ ಪಿಚ್ಚಿದಾನಾ, ಹುಚ್ಚಿ! ಅದು ಅವಮಾನ ಅಲ್ಲ ಕಣಮ್ಮ. ನಮ್ಮ ಕಡೆ ಕೆಲವು ಮನೇಲಿ ಅದೇ ಪದ್ಧತಿ. ನಮ್ಮ ಅವ್ವ ಹೇಳ್ತಿದ್ಲು, 'ಮಾಟ ಅಯ್ಯೇದಾಕಾ ನೀಳ್ಳು ಕೂಡಾ ಮುಟ್ಟಕೂಡದು' ಅಂತ. ಹೆಣ್ಣು ಕೇಳಾಕೆ ಹೋದ ಮನೇಲಿ ಮಾತು ಗಟ್ಟಿ ಆಗೋವರ್ಗೂ ತೊಟ್ಟು ನೀರೂ ಮುಟ್ಟಾಂಗಿಲ್ಲ. ಮುಟ್ಟಿದ್ರೆ ಸಂಬಂಧ ಕೂಡಲ್ವಂತೆ! ಆ ಹೆಣ್ಣು ಬೇಕೇ ಬೇಕು ಅನ್ನೋರೇ ಹಂಗೆ ಮಾಡೋದು. ಬ್ಯಾಡ ಅನ್ನೋರು ಆರಾಮಾಗಿ ತಿಂದು ಹೋಗ್ತಾರೆ!"

ಎಲ್ಲರೂ ನಕ್ಕರು. ತೇಜಸ್ವಿನಿಯೂ ಕಣ್ಣೊರೆಸಿಕೊಂಡು ನಕ್ಕಳು.

ಗಂಗಾಂಬಿಕಾಳ ಕೈಯಲ್ಲಿದ್ದ ರೊಟ್ಟಿ ತುಂಡು ಕೈಯಲ್ಲೇ ಉಳಿಯಿತು.

'ಬೇಡ... ಈಗ ಬೇಡ.'

ಈಗ ಬೇಡ ಎಂದಿದ್ದ. ಬೇಡ ಎಂದಷ್ಟೇ ಅಲ್ಲ, *ಈಗ* ಬೇಡ.

'ಮೊದಲು ಒಂದು ಮಾತು...'

ಅಯ್ಯೋ! ಯಾವ ಮಾತು? ಯಾವ ಮಾತಾಡಲು ಬಂದಿದ್ದ ಅವನು?

ಎದ್ದಳು. ಕಾಲು ಎಲ್ಲಿ ಬೀಳುತ್ತಿದೆ ಎಂಬ ಎಚ್ಚರವಿರಲಿಲ್ಲ. "ಮೇಡಂ, ನೀರು?" ಎಂದು ಯಾರೋ ಕೂಗಿದ್ದೂ ಕೇಳಿಸಲಿಲ್ಲ. ಬಂಡೆಯ ನೆರಳಿನಲ್ಲಿ ಕೂತಿದ್ದ ಅವನ ಮುಂದೆ ಹೋಗಿ ನಿಂತಳು.

"ಆವತ್ತು ನಮ್ಮನೆಗೆ ಯಾಕೆ ಬಂದಿದ್ರಿ?"

ಅಶ್ವತ್ಥ ತಲೆಯೆತ್ತಿದ. "ಈಗ ಕೇಳ್ತೀಯಾ ಗಂಗಾ?"

"ಯಾಕೆ ಬಂದಿದ್ರಿ ಹೇಳಿ!"

"ನಿನಗೆ ಗೊತ್ತಿಲ್ವಾ? ಹೆಣ್ಣು ಕೇಳೋಕೆ." ಅವನ ದನಿ ತಗ್ಗಿತು. "ಮನೇಲಿ ಯಾರೂ ಒಪ್ಪಿರ್ಲಿಲ್ಲ. ನಮ್ಮಜ್ಜಿ ಪಾಪಕ್ಕ ಒಬ್ಬಳೇ 'ಹೋಗಿ ಕೇಳು, ಹುಡುಗಿ ಸಿಕ್ಕಿದ್ರೆ ನಾನಿದ್ದೀನಿ' ಅಂದಿದ್ದು. ಬಾಗಿಲಲ್ಲಿ ನಿಲ್ಲಿಸಿ ಆಣೆ ಇಟ್ಟು ಕಳಿಸಿದ್ಲು. ಮಾತಾಗೋವರ್ಗೂ ಅವರ ಮನೆ ನೀರು ಮುಟ್ಟಬೇಡ, ಮುಟ್ಟಿದ್ರೆ ಕೈ ತಪ್ಪುತ್ತೆ ಅಂತ. ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ ಗಂಗಾ. ಆದ್ರೆ ನಿನ್ನ ವಿಷಯದಲ್ಲಿ ಯಾವ ಅಪಾಯಕ್ಕೂ ಕೈ ಹಾಕೋ ಧೈರ್ಯ ಇರ್ಲಿಲ್ಲ ನನಗೆ. ಬಾಯಿ ಬಿಡೋಷ್ಟರಲ್ಲಿ ನೀನು ಎದ್ದು ಹೋಗು ಅಂದೆ. ನಿಮ್ಮಪ್ಪ ಮುಖ ತಿರುಗಿಸಿದ್ರು. ಕೇಳೋಕೆ ಬಂದಿದ್ದು ಗೊತ್ತಾಗಿ ಬೇಡ ಅಂದ್ರಿ ಅಂದ್ಕೊಂಡೆ. ಒಲ್ಲೆ ಅಂದೋಳನ್ನ ಬೆನ್ನು ಹತ್ತಬಾರ್ದು ಅಂತ ದೂರ ಉಳ್ಕೊಂಡೆ. ನಿನ್ನೆ ನಿನ್ನ ಹೆಸರು ಕೇಳಿದ ಮೇಲೆ ಒಂದ್ಸಲ ನೋಡದೆ ಇರೋಕೆ ಆಗ್ಲಿಲ್ಲ."

ಅವಳು ನಕ್ಕಳು. ಆ ನಗೆ ಕೇಳಿ ಅವನು ಹೆದರಿ ಎದ್ದು ನಿಂತ.

"ನೀರು ಮುಟ್ಟಲಿಲ್ಲ ನೀವು," ಎಂದಳು. "ನಮ್ಮ ಕೇರೀಲಿ, ನಮ್ಮಪ್ಪ ಎರಡು ಕೈಯಲ್ಲಿ ಕೊಟ್ಟ ನೀರನ್ನ ಬೇಡ ಅಂದ್ರಿ. ಅವ್ವ ಇಟ್ಟ ತಟ್ಟೇನ ಹಿಂದಕ್ಕೆ ತಳ್ಳಿದ್ರಿ. ನಮಗೆ ಏನನ್ನಿಸ್ತು ಅಂತ ನಿಮಗೆ ಒಂದ್ಸಲಾನೂ ಹೊಳೀಲೇ ಇಲ್ವಾ?"

ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮುಖದಿಂದ ರಕ್ತ ಇಳಿದುಹೋಯಿತು. ಗೋಡೆಗೆ ಒರಗಿದಂತೆ ಬಂಡೆಗೆ ಒರಗಿದ.

"ಗಂಗಾ... ಇಲ್ಲ... ನಾನು... ನಿಮ್ಮಪ್ಪ ಹಾಗೆ ಅಂದ್ಕೊಂಡ್ರಾ?"

"ಇನ್ನೇನು ಅಂದ್ಕೋಬೇಕಿತ್ತು?"

"ನಾನು ಮೇಷ್ಟ್ರು! ಮಕ್ಕಳಿಗೆ ಇದನ್ನೇ ಪಾಠ ಮಾಡ್ತೀನಿ, ಎಲ್ಲರೂ ಒಂದೇ ಅಂತ. ನನಗೆ ಹೊಳೀಲಿಲ್ವಲ್ಲ... ಆವತ್ತಿಂದ ಇವತ್ತಿನವರೆಗೂ ಹೊಳೀಲೇ ಇಲ್ಲ!"

"ನಿಮಗೆ ಹೊಳೀಬೇಕಾದ ಪ್ರಸಂಗಾನೇ ಬಂದಿಲ್ಲ," ಎಂದಳು ಗಂಗಾಂಬಿಕಾ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. "ನೀರು ಬೇಡ ಅನ್ನೋದು ನಿಮಗೆ ಪದ್ಧತಿ. ನಮಗೆ ಅದು ಹುಟ್ಟಿದಾಗಿಂದ ತಿಂದ ಏಟು. ಅದು ಹೊಳೀದೇ ಬದುಕೋದು ನಿಮ್ಮ ಪುಣ್ಯ, ಅಷ್ಟೇ."

ಅವನು ಮುಖ ಮುಚ್ಚಿಕೊಂಡ. ದೊಡ್ಡ ಗಂಡಸು, ಮಗುವಿನಂತೆ ಬಿಕ್ಕಿದ. "ಅವರ ಕಾಲಿಗೆ ಬೀಳ್ಬೇಕಿತ್ತು ನಾನು. ಅವರು ಹೋದ್ರು ಅಂತ ಗೊತ್ತಾದಾಗ ಐ.ಡಿ.ಹಳ್ಳಿ ಬಸ್ ಸ್ಟ್ಯಾಂಡ್‌ವರ್ಗೂ ಬಂದಿದ್ದೆ ಗಂಗಾ. ಯಾವ ಮುಖ ಇಟ್ಕೊಂಡು ಬರ್ಲಿ ಅಂತ ವಾಪಸ್ ಹೋದೆ. ಬರ್ಬೇಕಿತ್ತು!"

ಎರಡೂವರೆ ವರ್ಷ ಅವಳು ಇವನನ್ನು ದ್ವೇಷಿಸಿಯೇ ಬದುಕಿದ್ದಳು. ಅಪ್ಪನ ಮೇಲಿನ ಪ್ರೀತಿಯನ್ನೆಲ್ಲ ಆ ದ್ವೇಷದಲ್ಲೇ ಕಟ್ಟಿಟ್ಟಿದ್ದಳು. ಈಗ ಕೈ ಬರಿದು. ಅಯ್ಯೋ, ಇವನು ಕೆಟ್ಟವನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ಏಕೆಂದರೆ ಯಾರಿಗೂ ಹೇಳದ ಒಂದು ಸಂಗತಿ ಅವಳ ಎದೆಯೊಳಗಿತ್ತು. ಇಷ್ಟು ದಿನ ಅದನ್ನು ತಾನೂ ನೆನೆಯದಂತೆ ಅದುಮಿಟ್ಟಿದ್ದಳು.

"ಅಳಬೇಡಿ," ಎಂದಳು. "ತಪ್ಪು ನಿಮ್ಮೊಬ್ಬರದಲ್ಲ. ನಾನೊಂದು ಹೇಳ್ತೀನಿ, ಕೇಳಿ. ಕೇಳಿದ ಮೇಲೆ ನನ್ನ ಮುಖ ನೋಡ್ತೀರೋ ಇಲ್ವೋ ನಿಮಗೆ ಬಿಟ್ಟಿದ್ದು."

ಅವನು ಕಣ್ಣೊರೆಸಿಕೊಂಡು ನೋಡಿದ.

"ನೀವು ಹೋದ ಮೂರನೇ ದಿನ ಅಪ್ಪ ನನ್ನ ಪಕ್ಕ ಬಂದು ಕೂತ್ರು. 'ಅವ್ವಾ, ಆ ಹುಡುಗನ ಕೈ ನಡುಗ್ತಿತ್ತು ಕಣವ್ವ,' ಅಂದ್ರು. 'ಮೈಲಿಗೆ ಅನ್ನೋನ ಕೈ ನಡುಗಲ್ಲ, ಮೂಗು ಮುರೀತಾನೆ. ಅರವತ್ತು ವರ್ಷದಿಂದ ನೋಡಿವ್ನಿ ನಾನು. ಇವನದು ಬ್ಯಾರೆ ಏನೋ ಐತೆ. ಬಂಡೆ ಆದ್ರೂ ತಟ್ಟಿ ಕೇಳ್ದೆ ಸುತ್ತಿಗೆ ಎತ್ತಬಾರ್ದು. ಒಂದ್ ಮಾತು ಕೇಳ್ಬುಡು ಅವ್ನ.'"

ಗಂಗಾ ಬಂಡೆಯ ಗೆರೆಗಳ ಮೇಲೆ ಕೈಯಿಟ್ಟಳು.

"ನಾನು ಕೇಳಲ್ಲ ಅಂದೆ. ನಿಮಗೆ ಮಾನ ಇಲ್ವಾ ಅಪ್ಪಾ ಅಂತ ಬೈದೆ... ಅಪ್ಪಂಗೆ! ಆಸ್ಪತ್ರೇಲಿ ಕೊನೇ ವಾರಾನೂ ಕೇಳಿದ್ರು, 'ಪೋನ್ ಮಾಡಿದ್ಯೇನವ್ವ ಆ ಹುಡುಗನ್ಗೆ?' ಅಂತ. ಇಲ್ಲ ಅಂದೆ. ಸುಮ್ನಾದ್ರು. ಅವರಿಗೆ ನಿಮ್ಮ ಮೇಲೆ ಸಿಟ್ಟಿರ್ಲಿಲ್ಲ ಅಶ್ವತ್ಥ್. ಸಿಟ್ಟು ನಂದು. ಅಪ್ಪನ ಹೆಸರು ಹೇಳ್ಕೊಂಡು ನನ್ನ ಸಿಟ್ಟನ್ನ ಸಾಕಿದೆ. ಒಂದೇ ಒಂದು ಫೋನ್ ಮಾಡಿದ್ರೆ ಅವರು ನೆಮ್ಮದಿಯಾಗಿ ಕಣ್ಣು ಮುಚ್ತಿದ್ರು..."

ಬಂಡೆಗೆ ಹಣೆಯೊತ್ತಿ, ಹದಿನೈದು ಜನ ಕೂಗಳತೆಯಲ್ಲಿದ್ದಾರೆ ಎಂಬುದನ್ನೂ ಮರೆತು, ಗೋಳೋ ಎಂದು ಅತ್ತಳು. ಅಪ್ಪ ಸತ್ತ ದಿನವೂ ಹೀಗೆ ಅತ್ತಿರಲಿಲ್ಲ.

ಅಶ್ವತ್ಥ ಅವಳನ್ನು ಮುಟ್ಟಲಿಲ್ಲ. ಪಕ್ಕದಲ್ಲೇ ನಿಂತ.

ಅವಳ ಅಳು ಇಳಿದ ಮೇಲೆ ಕೇಳಿದ, "ಅವರನ್ನ ಎಲ್ಲಿ ಮಣ್ಣು ಮಾಡಿದ್ದೀರಿ?"

"ನಮ್ಮ ಹೊಲದ ಬದುವಿನಲ್ಲಿ."

"ಸಂಜೆ ಬರ್ಲಾ?"

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡು ಬೇವಿನ ಮರದ ಕಡೆ ಹೆಜ್ಜೆ ಹಾಕಿದಳು.

* * *

ನಡಿಗೆ ಮುಗಿಸಬೇಕಲ್ಲ, ಮುಗಿಸಿದಳು. ಕೆಂಪಗಾದ ಕಣ್ಣಿಗೆ ಧೂಳು ಬಿತ್ತು ಎಂದಳು. ವನಜಾಕ್ಷಿ ಟೀಚರ್ ನಂಬಲಿಲ್ಲ, ಆದರೆ ಅವಳ ತೋಳು ಹಿಡಿದು ಇಳಿಜಾರು ಇಳಿಸಿದರು, ಏನೂ ಕೇಳಲಿಲ್ಲ.

ಗುಡ್ಡದ ಬುಡದಲ್ಲಿ ಚಂದ್ರಶೇಖರ್ ಕೊನೆಯ ಪ್ರಶ್ನೆ ಹಾಕಿದರು. "ಎಲ್ಲಾ ಸರಿ ಮೇಡಂ, ಆ ಸಮುದ್ರ ಹೋಯ್ತು ಎಲ್ಲಿಗೆ?"

"ಒಂದೇ ದಿನ ಹೋಗಿದ್ದಲ್ಲ ಸರ್," ಎಂದಳು. "ಮೇಲೆ ಮರಳು, ಮಣ್ಣು, ಜ್ವಾಲಾಮುಖಿಯ ಲಾವಾ ಬಿದ್ದು ಬಿದ್ದು, ಸ್ವಲ್ಪ ಸ್ವಲ್ಪಾನೇ ತುಂಬಿಹೋಯ್ತು. ಹೋಗ್ತಿದೆ ಅಂತ ನೋಡೋಕೆ ಯಾರೂ ಇರ್ಲಿಲ್ಲ..."

ಅಲ್ಲಿಗೆ ನಿಲ್ಲಿಸಿ ಟೆಂಪೋ ಹತ್ತಿದಳು.

ಮಧುಗಿರಿಯಲ್ಲಿ ಎಲ್ಲರೂ ಇಳಿದಾಗ ನಾಲ್ಕು ಗಂಟೆ. ಅಶ್ವತ್ಥ ತನ್ನ ಬೈಕಿನ ಹತ್ತಿರ ನಿಂತು ಕಾದ. ಗಂಗಾ ತನ್ನ ಸ್ಕೂಟಿ ತೆಗೆದಳು. ಅವನ ಬೈಕಿನ ಹಿಂದೆ ಹೋಗಿ ಕೂರಲು ಇದೇನು ಸಿನಿಮಾ ಅಲ್ಲವಲ್ಲ! ಆದರೆ ಊರು ದಾಟಿದ ಮೇಲೆ ತಿರುವಿನಲ್ಲಿ ವೇಗ ತಗ್ಗಿಸಿ, ಹಿಂದೆ ಬೈಕು ಬರುತ್ತಿದೆಯೇ ಎಂದು ನೋಡಿದಳು. ಬರುತ್ತಿತ್ತು.

ದಾಸಮ್ಮ ಹೊಲದಲ್ಲೇ ಇದ್ದಳು, ಅವರೆ ಬಿಡಿಸುತ್ತಾ. ಮಗಳ ಹಿಂದೆ ಬಂದವನನ್ನು ಗುರುತಿಸಿ ಸೆರಗು ಬಿಗಿ ಮಾಡಿಕೊಂಡು ಎದ್ದಳು.

"ಇವನ್ಯಾಕೆ ಬಂದ?"

"ಅವ್ವಾ..." ಎಂದು ಗಂಗಾ ಎಲ್ಲವನ್ನೂ ಹೇಳಿದಳು. ತನ್ನದನ್ನೂ ಬಿಡದೆ ಹೇಳಿದಳು, ಆಸ್ಪತ್ರೆಯ ಕೊನೇ ವಾರದವರೆಗೆ. ದಾಸಮ್ಮನ ಕೈಯಲ್ಲಿದ್ದ ಅವರೆಕಾಯಿ ಒಂದೊಂದಾಗಿ ಕೆಳಗೆ ಬೀಳುತ್ತಿತ್ತು.

ಬದುವಿನ ಮೇಲೆ, ಕದಿರಯ್ಯ ತಾನೇ ಒಡೆದಿದ್ದ ಒಂದು ಚಪ್ಪಡಿಯ ಕೆಳಗೆ, ಕದಿರಯ್ಯ ಮಲಗಿದ್ದ. ಅಶ್ವತ್ಥ ಚಪ್ಪಲಿ ಬಿಟ್ಟು ಹೋಗಿ ಮಣ್ಣಿನಲ್ಲಿ ಮೊಣಕಾಲೂರಿ ಕೂತ. ಹಣೆ ಚಪ್ಪಡಿಗೆ ತಾಗಿತು.

"ಅಯ್ಯಾ, ಆವತ್ತು ಕೇಳೋಕೆ ಬಂದಿದ್ದೆ. ಬಾಯಿ ಬರ್ಲಿಲ್ಲ. ನಿಮ್ಮ ಮನಸ್ಸಿಗೆ ಏನಾಗುತ್ತೆ ಅನ್ನೋ ಬುದ್ಧಿ ಇರ್ಲಿಲ್ಲ. ಇವತ್ತು ಕೇಳ್ತಿದ್ದೀನಿ... ನಿಮ್ಮ ಮಗಳನ್ನ ನನಗೆ ಕೊಡ್ತೀರಾ?"

ದೂರದಲ್ಲಿ ಯಾವುದೋ ಟ್ರ್ಯಾಕ್ಟರು ಸದ್ದು ಮಾಡುತ್ತಾ ಹೋಯಿತು. ಅವನು ತಲೆಯೆತ್ತದೆ ಕಾಯುತ್ತಲೇ ಇದ್ದ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕಾಯುತ್ತಿದ್ದ.

ದಾಸಮ್ಮ ನಿಧಾನವಾಗಿ ಬಂದಳು. ಅವನ ಬೆನ್ನ ಮೇಲೆ ಕೈಯಿಟ್ಟಳು.

"ಏಳಪ್ಪ," ಎಂದಳು. "ಅವರು ಕೊಟ್ಟು ಬಾಳ ದಿನ ಆಗಿತ್ತು ಕಣಪ್ಪ. ನೀನು ಬತ್ತೀಯ ಅಂತ ನಾಕ್ ಸಲ ದಾರಿ ನೋಡವ್ರೆ. ಈಸ್ಕಳಾಕೆ ನೀನೇ ತಡವಾಗಿ ಬಂದ್ಬುಟ್ಟೆ."

ದಾಸಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, ಚೆಲ್ಲಿದ ಅವರೆಕಾಯಿಯನ್ನು ಮಡಿಲಿಗೆ ತುಂಬಿಕೊಂಡು, ಇಬ್ಬರನ್ನೂ ಅಲ್ಲೇ ಬಿಟ್ಟು ಮನೆಯ ಕಡೆ ಹೆಜ್ಜೆ ಹಾಕಿದಳು.

ಗಂಗಾ ಅವನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು. ಬಿಸಿಲು ಇಳಿಯುತ್ತಿತ್ತು.

"ನೀನು ಆವತ್ತು ಅಪ್ಪನ್ನ ಕೇಳೋಕೆ ಬಂದೆ," ಎಂದಳು. ಎರಡೂವರೆ ವರ್ಷದ ಮೇಲೆ ಮೊದಲ ಸಲ ಅವಳ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. "ಇವತ್ತೂ ಅಪ್ಪನ್ನೇ ಕೇಳ್ದೆ. ನನ್ನ ಒಂದ್ಸಲಾನಾದ್ರೂ ಕೇಳಿದ್ದೀಯಾ?"

ಅವನು ಬೆರಗಾಗಿ ನೋಡಿದ. "ಇಲ್ಲ..."

"ನಾನೂ ನಿನ್ನ ಕೇಳ್ಲಿಲ್ಲ. ಕೇಳದೇ ಕೇಳದೇ ಇಷ್ಟೆಲ್ಲ ಆಯ್ತು. ಈಗ ಕೇಳು."

"ಗಂಗಾ, ನನ್ನ ಮದುವೆ ಆಗ್ತೀಯಾ?"

"ಹೂಂ."

ಅಷ್ಟು ಹೇಳಿ ಅವಳು ಚಪ್ಪಡಿಯ ಮೇಲೆ ಅಂಗೈ ಇಟ್ಟಳು. ಕಣ್ಣು ಮತ್ತೆ ತುಂಬಿಬಂತು.

"ಆದ್ರೆ ಇವತ್ತು ನನಗೆ ಖುಷಿ ಪಡೋಕೆ ಆಗ್ತಿಲ್ಲ ಕಣೋ."

"ನನಗೂ ಆಗ್ತಿಲ್ಲ."

"ತುಂಬಾ ದಿನ ಆಗ್ಬಹುದು."

"ಆಗ್ಲಿ," ಎಂದ ಅಶ್ವತ್ಥ. "ಅಲ್ಲೀವರ್ಗೂ ಜೊತೇಲಿ ಅಳೋಣ."